ಸಹಾಯ ಬೇಕು: ತೋಟದ ದಾರಿಗೆ ಬೇಲಿ ಹಾಕಿದ್ದಾರೆ

ನಮಸ್ಕಾರ. ಸೋಮವಾರಪೇಟೆ ಕಡೆ ಅಮ್ಮನ ಹೆಸರಲ್ಲಿ ಸಣ್ಣ ಕಾಫಿ ತೋಟ ಇದೆ. ಅಜ್ಜನ ಕಾಲದಿಂದ ಜೀಪು ಓಡಾಡಿದ ದಾರಿಗೆ ಪಕ್ಕದ ತೋಟದವರು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದಾರೆ. ಕೊಯ್ಲಿನ ಸಮಯ ಬೇರೆ. ಹಣ್ಣಿನ ಮೂಟೆಗಳನ್ನು ಗದ್ದೆ ಬದುವಿನ ಮೇಲೆ ಹೊತ್ತು ತರುತ್ತಿದ್ದೇವೆ.

20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ ಈಸ್‌ಮೆಂಟ್ ಹಕ್ಕು (ಬೇರೆಯವರ ಜಾಗದಲ್ಲಿ ಓಡಾಡುವ ಹಕ್ಕು) ಕೇಳಬಹುದು, ತಡೆದ 2 ವರ್ಷದೊಳಗೆ ದಾವೆ ಹಾಕಬೇಕು ಅಂತ ಗೊತ್ತು. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರೂ ಸಿಗುತ್ತಾರೆ. ಆದರೆ ಅಮ್ಮ, 'ದಿನಾ ಮುಖ ನೋಡುವವರು, ಕೋರ್ಟು ಬೇಡ' ಅಂತಾರೆ.

ಕೇಸಿಗೆ ಮೊದಲೇ ಲೋಕ ಅದಾಲತ್‌ಗೆ ಹೋದವರು ಇದ್ದೀರಾ? ಅಲ್ಲಿನ ರಾಜಿಗೆ ಮೇಲ್ಮನವಿ ಇಲ್ಲ ಅಲ್ವಾ, ಹಾಗಾಗಿ ದಾರಿಯ ಅಗಲ, ಗೇಟಿನ ಬೀಗ ಎಲ್ಲ ಬರೆಸಬೇಕಾ? ಸರ್ವೆ ನಕ್ಷೆಯಲ್ಲಿ ದಾರಿ ಇಲ್ಲ. ಹಳೆ ಫೋಟೊ, ಊರವರ ಸಾಕ್ಷಿ ನಡೆಯುತ್ತಾ?