ಚಿತ್ರಕಲೆ ಕಲಿಸುವ ವೆಬ್‌ಸೈಟ್: ಯಾವ ವಯಸ್ಸಿನವರಿಗೆ ಹೇಗೆ?

ಉಡುಪಿಯಿಂದ ಕೇಳಿದವರು:
ಡ್ರಾಯಿಂಗ್ ಕ್ಲಾಸ್ ನಡೆಸುತ್ತೇನೆ. ನಮ್ಮ ಕರಾವಳಿಯ ಕಲೆ ಕಲಿಸುವ ವೆಬ್‌ಸೈಟ್ ಮಾಡಬೇಕು ಅಂತಿದೆ. ಯುಕೆಜಿ ಮಕ್ಕಳಿಂದ ರಿಟೈರ್ ಆದವರವರೆಗೆ ಎಲ್ಲರೂ ನೋಡುವವರೇ. ಒಂದೇ ಸೈಟ್ ಸಾಕಾ? ಮಾಡಿ ಗೊತ್ತಿದ್ದವರು ತಿಳಿಸಿ.

ಮಂಗಳೂರಿನ ವೆಬ್ ಡಿಸೈನರ್:
ಒಂದೇ ಸಾಕು ಮೇಡಂ. ಆದರೆ ‘5ರಿಂದ 7 ವರ್ಷ’, ‘8ರಿಂದ 12 ವರ್ಷ’ ಅಂತ ಬೋರ್ಡ್ ಹಾಕಬೇಡಿ. ಇದು ಪುಟ್ಟ ಮಕ್ಕಳದ್ದು ಅಂತ ಅನ್ನಿಸಿದರೆ ಐದನೇ ಕ್ಲಾಸಿನ ಹುಡುಗ ಆ ಕಡೆ ತಿರುಗಿಯೂ ನೋಡುವುದಿಲ್ಲ. ‘ಬಣ್ಣ ಹಚ್ಚು’, ‘ಮಾಡಿ ನೋಡು’, ‘ಓದಿ ತಿಳಿ’ ಅಂತ ಕೆಲಸದ ಹೆಸರೇ ಇಡಿ. ಅವರವರಿಗೆ ಬೇಕಾದಲ್ಲಿಗೆ ಅವರೇ ಹೋಗುತ್ತಾರೆ.

ಯಕ್ಷಗಾನದ ಬಣ್ಣದ ವೇಷವನ್ನೇ, ಅಂದರೆ ರಾಕ್ಷಸ ಪಾತ್ರಗಳ ವೇಷವನ್ನೇ ತಗೊಳ್ಳಿ. ಸಣ್ಣವರಿಗೆ ಖಾಲಿ ಮುಖ ಕೊಟ್ಟು ಬೆರಳಲ್ಲೇ ಬಣ್ಣ ತುಂಬಲು ಬಿಡಿ. ಅವರಿಗೆ ಓದಲು ಬರುವುದಿಲ್ಲ ಅಲ್ವಾ, ಹಾಗಾಗಿ ಏನು ಮಾಡಬೇಕು ಅನ್ನುವುದನ್ನು ಧ್ವನಿಯಲ್ಲಿ ಹೇಳಿ, ಅದೂ ನಮ್ಮೂರಿನ ಕನ್ನಡದಲ್ಲಿ. ಹೈಸ್ಕೂಲಿನವರಿಗೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ (ಉಬ್ಬಿದ ಬಿಳಿ ಅಲಂಕಾರ) ಇಡುವುದನ್ನು ಹತ್ತಿರದಿಂದ ತೋರಿಸಿ, ತೆಂಕುತಿಟ್ಟು ಬಡಗುತಿಟ್ಟು ಅನ್ನುವ ಯಕ್ಷಗಾನದ ಎರಡು ಶೈಲಿಗಳ ವೇಷವನ್ನೂ ಅಕ್ಕಪಕ್ಕ ಇಟ್ಟು ಏನೇನು ಬೇರೆ ಅಂತ ಅವರೇ ಹುಡುಕಲಿ, ಉತ್ತರ ಕೂಡಲೇ ಕೊಡಬೇಡಿ. ದೊಡ್ಡವರು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು. ಅವರಿಗೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕಲಾವಿದರು ಬಣ್ಣ ಹಚ್ಚುತ್ತಾ ಮಾತಾಡುವ ವಿಡಿಯೊ ಇರಲಿ, ಉದ್ದ ಇದ್ದರೂ ನೋಡುತ್ತಾರೆ.

ಇನ್ನೊಂದು ಮುಖ್ಯ ಸಂಗತಿ. ಪುಟ್ಟ ಮಕ್ಕಳು ಟ್ಯಾಬ್ ಮೇಲೆ ಚಿತ್ರ ಬಿಡಿಸುವಾಗ ಒಮ್ಮೆ ಪಕ್ಕದಲ್ಲಿ ಕೂತು ಕೈ ನೋಡಿ. ಕಾಗದದ ಮೇಲಿಟ್ಟ ಹಾಗೆ ಅಂಗೈಯನ್ನು ಪೂರ್ತಿ ಗಾಜಿನ ಮೇಲೆ ಊರುತ್ತಾರೆ. ಕೆಳಗಿನ ಅಂಚಿನಲ್ಲಿ ‘ಅಳಿಸು’ ಬಟನ್ ಇದ್ದರೆ ಅದು ಒತ್ತಿಹೋಗಿ ಚಿತ್ರ ಮಾಯ, ಮಗು ಒಮ್ಮೆ ಟ್ಯಾಬ್ ನೋಡುತ್ತದೆ, ಒಮ್ಮೆ ಅಮ್ಮನ ಮುಖ. ಕೆಳಗಿನ ಅಂಚು ಖಾಲಿ ಬಿಡಿ. ಆಂಡ್ರಾಯ್ಡ್‌ನವರು ಬಟನ್ ಕಡೇಪಕ್ಷ 48 ಡಿಪಿ ಇರಲಿ ಅನ್ನುತ್ತಾರೆ, ಆಪಲ್‌ನವರು 44 ಪಾಯಿಂಟ್ (ಎರಡೂ ಸ್ಕ್ರೀನ್ ಮೇಲಿನ ಅಳತೆ). ಅದು ದೊಡ್ಡವರ ಬೆರಳಿಗೆ, ಮಕ್ಕಳಿಗೆ ಇನ್ನೂ ಜಾಸ್ತಿ ಕೊಡಿ.

ಕಾರ್ಕಳದ ಶಾಲಾ ಶಿಕ್ಷಕಿ:
ಮಕ್ಕಳಿಗೆ ಲಾಗಿನ್ ಇಡಲೇಬೇಡಿ. 18 ತುಂಬದವರ ಮಾಹಿತಿ ತಗೊಳ್ಳಲು ಹೆತ್ತವರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಹೆಸರು, ಶಾಲೆ, ಫೋಟೊ ಯಾವುದೂ ನಿಮಗೆ ಬೇಕಾಗಿಲ್ಲ. ಬಿಡಿಸಿದ ಚಿತ್ರ ಅವರ ಫೋನಿಗೇ ಸೇವ್ ಆದರೆ ಸಾಕು.

ಕಾಪಿರೈಟನ್ನೂ ನೋಡಿಕೊಳ್ಳಿ. ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು ಮಕ್ಕಳಿಗೆ ತೋರಿಸಬೇಕು ಅಂತ ಯಾರಿಗಾದರೂ ಆಸೆಯಾಗುತ್ತದೆ, ನನಗೂ ಇದೆ. ಅವರು ತೀರಿಕೊಂಡದ್ದು 1996ರಲ್ಲಿ, ನಮ್ಮ ದೇಶದಲ್ಲಿ ಹಕ್ಕು ಆಮೇಲೆ 60 ವರ್ಷ ಇರುತ್ತದೆ, ಅಂದರೆ 2056ರ ಕೊನೆಯವರೆಗೆ. ಅನುಮತಿ ಕೇಳಿಯೇ ಹಾಕಿ. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಶೆನಿ ಬರೆದ ಚಿತ್ರಗಳು 1900ರ ಆಸುಪಾಸಿನವು, ಆ ಹಕ್ಕು ಮುಗಿದಿದೆ. ಆದರೂ ಬೇರೆಯವರು ತೆಗೆದ ಫೋಟೊ ಸುಮ್ನೆ ಎತ್ತಿ ಹಾಕುವ ಹಾಗಿಲ್ಲ.

ಸುರತ್ಕಲ್‌ನಿಂದ:
ಹಿರಿಯರ ವಿಷಯ ಸ್ವಲ್ಪ ಸೇರಿಸುತ್ತೇನೆ. ನನ್ನ ಅಮ್ಮನಿಗೆ ಬೂದು ಬಣ್ಣದ ಸಣ್ಣ ಅಕ್ಷರ ಕಾಣುವುದೇ ಇಲ್ಲ, ಚಿತ್ರದ ಮೇಲೇ ಬರೆದದ್ದಂತೂ ಕೇಳಬೇಡಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5:1ಕ್ಕಿಂತ ಕಡಿಮೆ ಆಗಬಾರದು ಅಂತ ವೆಬ್‌ನವರ ನಿಯಮವೇ ಇದೆಯಂತಲ್ಲ, ಅದನ್ನು ಬಿಡಬೇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಬೇಕು. ಚಿತ್ರ ದೊಡ್ಡದು ಮಾಡಲು ಎರಡು ಬೆರಳು ಅಗಲಿಸುವುದರ ಜೊತೆಗೆ ಪ್ಲಸ್ ಬಟನ್ ಕೂಡ ಇರಲಿ ಮಾರಾಯ್ರೆ, ಕೈ ನಡುಗುವವರಿಗೆ ಅದೇ ಆಗುವುದು.