ಪದ ಬೇಕಾಗಿದೆ: ಆಸ್ಟ್ರಸಿಸಂ, ಡೆಮಗಾಗ್, ಹೆಲಟ್

ಎಲ್ಲರಿಗೂ ನಮಸ್ಕಾರ.

ಪೆರಿಕ್ಲೀಸ್ ಅಂತ ಒಂದು ಬೋರ್ಡ್ ಗೇಮ್ ಇದೆ. ಮಾರ್ಕ್ ಹರ್ಮನ್ ಮಾಡಿದ್ದು, ಜಿಎಂಟಿ ಗೇಮ್ಸ್‌ನವರು 2017ರಲ್ಲಿ ತಂದದ್ದು. ಪ್ರಾಚೀನ ಗ್ರೀಸಿನ ಅಥೆನ್ಸ್ ಮತ್ತು ಸ್ಪಾರ್ಟಾ ಹೊಡೆದಾಡಿದ ಕಾಲದ ಆಟ. ನಾಲ್ಕು ಜನ ಕೂತರೆ ಅಥೆನ್ಸ್‌ಗೆ ಇಬ್ಬರು, ಸ್ಪಾರ್ಟಾಗೆ ಇಬ್ಬರು. ಮಜಾ ಏನಂದ್ರೆ ಒಂದೇ ಊರಿನ ಆ ಇಬ್ಬರೂ ಬೇರೆ ಬೇರೆ ಬಣದವರು. ಮೊದಲು ಸಭೆಯಲ್ಲಿ ಇವರಿಬ್ಬರೇ ಕಿತ್ತಾಡಿ ಠರಾವುಗಳನ್ನು ಗೆಲ್ಲಬೇಕು, ಆಮೇಲೆ ಅವನ್ನೇ ನಕಾಶೆ ಮೇಲೆ ಬೋರಲು ಹಾಕಿ ಇನ್ನೊಂದು ಊರಿನ ಮೇಲೆ ಯುದ್ಧ ಮಾಡಬೇಕು. ಊರು ಯುದ್ಧ ಗೆದ್ದರೂ ನೀವು ಪಕ್ಕದಲ್ಲಿ ಕೂತವರಿಗೆ ಸೋಲಬಹುದು. ನಮ್ಮ ಗುಂಪಿನಲ್ಲಿ ಇಂಗ್ಲಿಷ್ ನಿಯಮಪುಸ್ತಕ ಓದಲು ಬೇಜಾರು ಪಡುವವರೇ ಜಾಸ್ತಿ, ಅದಕ್ಕೆ ಕನ್ನಡದಲ್ಲಿ ಒಂದು ಚಿಕ್ಕ ಸಾರಾಂಶ ಬರೆಯುತ್ತಿದ್ದೇನೆ. ಅಲ್ಲಿ ಸಿಕ್ಕಿಕೊಂಡ ಪದಗಳು ಇವು.

ಹೆಚ್ಚು ಕಾಡುತ್ತಿರುವುದು ಆಸ್ಟ್ರಸಿಸಂ, ಅಂದರೆ ಅಥೆನ್ಸ್‌ನ ಜನ ಮತ ಹಾಕಿ ಒಬ್ಬನನ್ನು ಕೆಲವು ವರ್ಷ ಊರಾಚೆ ಕಳಿಸುತ್ತಿದ್ದ ಪದ್ಧತಿ. ನಿಘಂಟು ತೆಗೆದರೆ ಬಹಿಷ್ಕಾರ ಅಂತ ಸಿಗುತ್ತದೆ. ಇಲ್ಲಿ ಅದು ಸ್ವಲ್ಪವೂ ಹೊಂದುವುದಿಲ್ಲ. ನಮ್ಮಲ್ಲಿ ಬಹಿಷ್ಕಾರ ಅಂದರೆ ಊರಲ್ಲೇ ಇರಿಸಿಕೊಂಡು ನೀರು, ಬೆಂಕಿ, ಮಾತು ನಿಲ್ಲಿಸುವುದು. ಅದಕ್ಕಿಂತ ಹೆಚ್ಚಾಗಿ, 'ಮತದಾನದ ಮೂಲಕ ಬಹಿಷ್ಕಾರ' ಅಂತ ಬರೆದರೆ ಓದುವವರಿಗೆ ಚುನಾವಣೆ ಸಮಯದಲ್ಲಿ ರಸ್ತೆ ಆಗಿಲ್ಲ ಅಂತ ಊರವರು ಹಾಕುವ ಬ್ಯಾನರ್ ನೆನಪಾಗುತ್ತದೆ! ಗಡೀಪಾರು ಅನ್ನಬಹುದಾ ಅಂದರೆ, ಅದರಲ್ಲಿ ತಪ್ಪು ಮಾಡಿದವನು ಅನ್ನುವ ಅರ್ಥ ಮೊದಲೇ ಸೇರಿಕೊಂಡಿದೆ. ರೌಡಿಗಳ ಗಡೀಪಾರು ಅಂತಲೇ ನಾವು ಪೇಪರಿನಲ್ಲಿ ಓದುವುದು ಅಲ್ವಾ.

ಅಥೆನ್ಸ್‌ನಲ್ಲಿ ನಡೆಯುತ್ತಿದ್ದದ್ದೇ ಬೇರೆ. ಈ ವರ್ಷ ಯಾರನ್ನಾದರೂ ಕಳಿಸಬೇಕಾ ಅಂತ ಸಭೆಯಲ್ಲಿ ಕೇಳುತ್ತಿದ್ದರು. ಹೌದು ಅಂತಾದರೆ, ಮುಂದೆ ಗೊತ್ತು ಮಾಡಿದ ದಿನ ಜನ ಒಡೆದ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಹಾಕುತ್ತಿದ್ದರು. ಒಟ್ಟು 6,000 ಚೂರಾದರೂ ಬೀಳದಿದ್ದರೆ ಲೆಕ್ಕಕ್ಕಿಲ್ಲ. ಸೋತವನು, ಅಥವಾ ಗೆದ್ದವನು ಅನ್ನಿ, 10 ದಿನದೊಳಗೆ ಊರು ಬಿಡಬೇಕು, 10 ವರ್ಷ ಬರಬಾರದು. ಆರೋಪ ಇಲ್ಲ, ವಿಚಾರಣೆ ಇಲ್ಲ. ಆಸ್ತಿ ಅವನದೇ, ಪೌರತ್ವವೂ ಹೋಗುವುದಿಲ್ಲ. ಕ್ರಿ.ಪೂ. 482ರಲ್ಲಿ ಅರಿಸ್ಟೈಡೀಸ್ ಅನ್ನುವ ಮುಖಂಡನನ್ನು ಹೀಗೆ ಕಳಿಸಿದರು. ಪರ್ಷಿಯನ್ನರು ದಂಡೆತ್ತಿ ಬಂದಾಗ ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಂಡರು. ಅವನ ಎದುರಾಳಿ ಥೆಮಿಸ್ಟೋಕ್ಲೀಸ್‌ಗೂ ಮುಂದೆ ಇದೇ ಗತಿ ಬಂತು. ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಪಕ್ಕದ ಒಂದು ಬಾವಿಯಲ್ಲಿ ಅವನ ಹೆಸರಿನ 190 ಚೂರು ಒಟ್ಟಿಗೆ ಸಿಕ್ಕಿವೆ. ಕೈಬರಹ ನೋಡಿದರೆ ಬರೆದವರು ಹದಿನಾಲ್ಕೇ ಜನ. ಅಂದರೆ ಮೊದಲೇ ಬರೆದಿಟ್ಟುಕೊಂಡು ಹಂಚುವ ಕಾರ್ಯಕರ್ತರು ಆಗಲೂ ಇದ್ದರು.

ನಿಜವಾದ ಗಡೀಪಾರು ಬೇಕಿದ್ದರೆ ಥುಸಿಡಿಡೀಸ್‌ನನ್ನು ನೋಡಿ. ಈ ಯುದ್ಧದ ಇತಿಹಾಸ ಬರೆದವನೇ. ಸೇನಾನಿಯಾಗಿದ್ದ, ಕ್ರಿ.ಪೂ. 424ರಲ್ಲಿ ಆಂಫಿಪೊಲಿಸ್ ಅನ್ನುವ ಊರು ಕೈತಪ್ಪಿತು, 20 ವರ್ಷ ಊರಿಂದ ಹೊರಗಿದ್ದ. ಅದು ಶಿಕ್ಷೆ. ಮಡಕೆ ಚೂರಿನ ವ್ಯವಹಾರ ಶಿಕ್ಷೆ ಅಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಆಟದ ಸ್ವಾರಸ್ಯವೇ ಹೋಗುತ್ತದೆ.

ಗುಂಪಿನವರೊಬ್ಬರು 'ವನವಾಸ' ಅನ್ನಿ ಅಂದರು. ತಮಾಷೆಗೆ ಹೇಳಿದ್ದು, ಆದರೆ ಅರ್ಥಕ್ಕೆ ಅದೇ ಹತ್ತಿರ. ತಪ್ಪಿಲ್ಲ, ವರ್ಷ ಇಷ್ಟೇ ಅಂತ ಗೊತ್ತು, ವಾಪಸ್ ಬಂದರೆ ಮರ್ಯಾದೆಯೂ ಉಂಟು. ಕಾಡು ಮಾತ್ರ ಇಲ್ಲ.

ನನಗೆ ಹೊಳೆದದ್ದು ಬೋಕಿ. ಗ್ರೀಕಿನ ಆಸ್ಟ್ರಕಾನ್ ಅಂದರೆ ಮಡಕೆಯ ಚೂರು, ನಾವು ಕುಂಟೆಬಿಲ್ಲೆ ಆಡುವಾಗ ಎಸೆಯುತ್ತಿದ್ದದ್ದೂ ಅದೇ ಬೋಕಿ. ಮತಕ್ಕೆ 'ಬೋಕಿ ಮತ', ಕಳಿಸುವುದಕ್ಕೆ 'ಬೋಕಿ ಹಾಕುವುದು'. 'ಈ ಸುತ್ತಿನಲ್ಲಿ ನಿನಗೆ ಬೋಕಿ ಹಾಕ್ತೀನಿ' ಅಂತ ಆಟದ ನಡುವೆ ಬಾಯಿಗೆ ಸಲೀಸಾಗಿ ಬರುತ್ತದೆ. ಓಡು ಅನ್ನುವ ಪದವೂ ಇದೆ. ಆದರೆ 'ಓಡಿನ ಮತ' ಅಂದರೆ ಯಾರೋ ಓಡಿಹೋದ ಹಾಗೆ ಕೇಳುತ್ತದೆ.

ಇನ್ನು ಡೆಮಗಾಗ್. ಅಥೆನ್ಸ್‌ನ ಎರಡು ಬಣಗಳಲ್ಲಿ ಒಂದಕ್ಕೆ ಆಟದಲ್ಲಿ ಇದೇ ಹೆಸರು, ಇನ್ನೊಂದು ಅರಿಸ್ಟೊಕ್ರಾಟ್. ಎರಡನೆಯದಕ್ಕೆ 'ದೊಡ್ಡ ಮನೆತನದವರು' ಸಾಕು. ಮೊದಲನೆಯದು ಹುಟ್ಟಿದಾಗ ಬೈಗುಳ ಅಲ್ಲ. ಜನರನ್ನು ನಡೆಸುವವನು, ಅಷ್ಟೇ ಅರ್ಥ. ಕ್ರಿ.ಪೂ. 429ರಲ್ಲಿ ಅಥೆನ್ಸ್‌ನ ನಾಯಕ ಪೆರಿಕ್ಲೀಸ್ ತೀರಿಕೊಂಡ ಮೇಲೆ ಕ್ಲಿಯಾನ್‌ನಂಥವರು ಮುಂದೆ ಬಂದರು. ಅವನದು ಚರ್ಮ ಹದ ಮಾಡಿಸುವ ಉದ್ಯಮದ ಮನೆ. ಅವನನ್ನು ಕಂಡರಾಗದವರು ಬರೆದ ಪುಸ್ತಕಗಳೇ ನಮಗೆ ಉಳಿದಿರುವುದರಿಂದ ಪದವೂ ಕೆಟ್ಟಿತು. ಜನನಾಯಕ ಅಂದರೆ ಫ್ಲೆಕ್ಸ್ ಬೋರ್ಡಿನ ಹೊಗಳಿಕೆ ಆಗುತ್ತದೆ. ಜನಮರುಳುಗಾರ ಅಂದರೆ ತೀರ್ಪು ಕೊಟ್ಟ ಹಾಗೆ. ಪುಢಾರಿ ನನಗೆ ಇಷ್ಟ. ಚೂರು ವ್ಯಂಗ್ಯ ಇದೆ, ಆದರೂ ಪೂರ್ತಿ ಬೈಗುಳ ಅಲ್ಲ. ಆ ಬಣ ಹಿಡಿಯುವವರು ಮಾತ್ರ ಈಗಲೇ ತಕರಾರು ತೆಗೆದಿದ್ದಾರೆ.

ಸ್ಪಾರ್ಟಾದ ಹೆಲಟ್‌ಗಳಿಗೆ ಜೀತದಾಳು ಅಂತ ಬರೆದವರನ್ನು ಕಂಡಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ಜೀತ ಅಂದರೆ ಸಾಲಕ್ಕೆ ಒಬ್ಬ ಧಣಿಯ ಮನೆಯಲ್ಲಿ ದುಡಿಯುವುದು. ಹೆಲಟ್‌ಗಳಿಗೆ ಸಾಲದ ಪ್ರಶ್ನೆಯೇ ಇರಲಿಲ್ಲ. ಮೆಸೇನಿಯಾದಂಥ ನಾಡನ್ನು ಗೆದ್ದು ಅಲ್ಲಿನ ಜನರನ್ನೇ ಅವರ ನೆಲಕ್ಕೆ ಕಟ್ಟಿಹಾಕಿದ್ದರು. ಅವರ ಮೇಲೆ ಸ್ಪಾರ್ಟಾ ಪ್ರತಿ ವರ್ಷ ಯುದ್ಧ ಸಾರುತ್ತಿತ್ತಂತೆ, ಕೊಂದರೂ ಪಾಪ ತಟ್ಟದಿರಲಿ ಅಂತ. ಇದಕ್ಕೆ ಹೆಲಟ್ ಅಂತಲೇ ಉಳಿಸಿ ಒಂದು ಸಾಲಿನ ವಿವರಣೆ ಕೊಡುವುದೇ ವಾಸಿ.

ಕಪ್ಪ ಅನ್ನುವುದರ ಬಗ್ಗೆಯೂ ಒಂದು ಮಾತು. ಅಥೆನ್ಸ್ ಮುಂದಾಳಾಗಿದ್ದ ಡೀಲಿಯನ್ ಕೂಟಕ್ಕೆ ದ್ವೀಪದವರು ಕೊಡುತ್ತಿದ್ದ ಹಣ ಮೊದಲು ಎಲ್ಲರೂ ಒಪ್ಪಿ ಕೂಡಿಸಿದ ವಂತಿಗೆ. ಕ್ರಿ.ಪೂ. 454ರಲ್ಲಿ ಖಜಾನೆಯನ್ನೇ ಡೀಲಾಸ್ ದ್ವೀಪದಿಂದ ಅಥೆನ್ಸ್‌ಗೆ ಸಾಗಿಸಿದರು. ಅಷ್ಟು ಹೊತ್ತಿಗೆ ಅದು ಕಪ್ಪವೇ ಆಗಿತ್ತು. ಆಟ ಯುದ್ಧದ ಕಾಲದ್ದಾದ್ದರಿಂದ ಕಪ್ಪ ಅಂತಲೇ ಹಾಕಿದ್ದೇನೆ.

ಕೇಳಬೇಕಾದ್ದು ಇಷ್ಟು. ಒಡೆದ ಮಡಕೆಯ ಚೂರಿಗೆ ನಿಮ್ಮ ಕಡೆ ಏನಂತಾರೆ? ಬೋಕಿ ಅಂದರೆ ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ತಿಳಿಯುತ್ತದಾ? ಪುಢಾರಿಗಿಂತ ಮೆತ್ತಗಿನ ಪದ ಯಾರ ಹತ್ತಿರವಾದರೂ ಇದ್ದರೆ ಬೇಗ ತಿಳಿಸಿ, ಭಾನುವಾರ ಆಟ ಇದೆ.