ಅಪ್‌ಡೇಟ್: ಆ್ಯಪ್ ಒಳಗಿನ ಕನ್ನಡ ಕೀಬೋರ್ಡ್ ಕೊನೆಗೂ ಜೋಡಣೆಯಾಯಿತು

ಹೋದ ವಾರ ಕೇಳಿದ್ದೆನಲ್ವಾ, ಮುಂಬಯಿಯಲ್ಲಿ ಕನ್ನಡ ಕಲಿಯುವ ಮಕ್ಕಳಿಗಾಗಿ ಮಾಡುತ್ತಿರುವ ಆಂಡ್ರಾಯ್ಡ್ ಆ್ಯಪ್‌ನಲ್ಲಿ ನನ್ನ ಕೀಬೋರ್ಡ್ ಎಡಿಟ್‌ಟೆಕ್ಸ್ಟ್‌ಗೆ (ಟೈಪ್ ಮಾಡುವ ಪೆಟ್ಟಿಗೆಗೆ) ಬರೆಯುತ್ತಿಲ್ಲ, ಫೋನಿನ ಕೀಬೋರ್ಡೂ ಮೇಲೆದ್ದು ಬರುತ್ತದೆ ಅಂತ. ಸರಿಹೋಯಿತು!

ಪೆಟ್ಟಿಗೆಗೆ ಯಾವ ಬಗೆಯ ಪಠ್ಯ ಬರಬೇಕೆಂದು ಹೇಳುವ ಇನ್‌ಪುಟ್‌ಟೈಪ್ ಅನ್ನು ನಲ್ (ಯಾವುದೂ ಅಲ್ಲ) ಮಾಡುವ ಸಲಹೆ ಆಗಲಿಲ್ಲ, ಕರ್ಸರ್ ಮಾಯವಾಯಿತು. ಕೆಲಸ ಮಾಡಿದ್ದು ಇದು: ಪೆಟ್ಟಿಗೆ ಮುಟ್ಟಿದಾಗ ಫೋನಿನ ಕೀಬೋರ್ಡ್ ಬರಬೇಕೇ ಎಂದು ತೀರ್ಮಾನಿಸುವ ಸೆಟ್‌ಶೋಸಾಫ್ಟ್‌ಇನ್‌ಪುಟ್‌ಆನ್‌ಫೋಕಸ್‌ಗೆ ಫಾಲ್ಸ್ (ಬೇಡ) ಕೊಟ್ಟು, ಆನ್‌ಕ್ರಿಯೇಟ್‌ಇನ್‌ಪುಟ್‌ಕನೆಕ್ಷನ್‌ನಿಂದ ಸಿಕ್ಕಿದ ಇನ್‌ಪುಟ್‌ಕನೆಕ್ಷನ್ ಅನ್ನು (ಪೆಟ್ಟಿಗೆಗೆ ಬರೆಯುವ ದಾರಿ) ನನ್ನ ಕೀಬೋರ್ಡಿಗೆ ಒಪ್ಪಿಸಿದೆ. ಕೀ ಒತ್ತಿದಾಗ ಅಕ್ಷರವನ್ನು ಪೆಟ್ಟಿಗೆಗೆ ಹಾಕುವ ಕಮಿಟ್‌ಟೆಕ್ಸ್ಟ್ ಆಜ್ಞೆ, ಅಷ್ಟೇ. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಅಚ್ಚರಿಯಾಗಿದ್ದು ಅಳಿಸುವ ಕೀ. ಕರ್ಸರ್‌ನ ಅಕ್ಕಪಕ್ಕ ಅಳಿಸುವ ಡಿಲೀಟ್‌ಸರೌಂಡಿಂಗ್‌ಟೆಕ್ಸ್ಟ್‌ಗೆ 1, 0 (ಹಿಂದಿನ ಒಂದು ಸಂಕೇತ, ಮುಂದಿನದು ಯಾವುದೂ ಬೇಡ) ಕೊಟ್ಟರೆ ‘ಕ್ಷ’ ಪೂರ್ತಿ ಹೋಗುವುದಿಲ್ಲ, ‘ಕ್’ ಉಳಿಯುತ್ತದೆ. ಆ ಒಂದು ಅಕ್ಷರದ ಒಳಗೆ ಯೂನಿಕೋಡ್‌ನ 3 ಸಂಕೇತಗಳಿವೆ. ಮಕ್ಕಳು ತಪ್ಪಿದ ಒತ್ತನ್ನು ಮಾತ್ರ ತಿದ್ದಬಹುದು ಅಲ್ವಾ, ಹಾಗಾಗಿ ಅದನ್ನು ಬೇಕಂತಲೇ ಹಾಗೇ ಬಿಟ್ಟಿದ್ದೇನೆ. ಆದರೆ ಸೆಲೆಕ್ಟ್ ಮಾಡಿದ ಪಠ್ಯವನ್ನು ಡಿಲೀಟ್‌ಸರೌಂಡಿಂಗ್‌ಟೆಕ್ಸ್ಟ್ ಅಳಿಸುವುದಿಲ್ಲ. ಆಗ ಖಾಲಿ ಪಠ್ಯ ಕೊಟ್ಟು ಕಮಿಟ್‌ಟೆಕ್ಸ್ಟ್ ಕಳಿಸಿ.